ಯುದ್ಧ ಚಲನಚಿತ್ರಗಳಲ್ಲಿ ಕುಟುಂಬ

ಕಾಳಗವನ್ನೂ ಅದರಿಂದ ಮನೆಮಂದಿ ಪಡುವ ಪಾಡನ್ನೂ ಸಿನಿಮಾ ತೋರಿಸತೊಡಗಿ ಶತಮಾನ ದಾಟಿದೆ. ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1916ರಲ್ಲಿ, ‘ದಿ ಬ್ಯಾಟಲ್ ಆಫ್ ದಿ ಸೋಮ್’ ಎಂಬ ಸಾಕ್ಷ್ಯಚಿತ್ರವನ್ನು ನೋಡಲು ಬ್ರಿಟನ್ನಿನ ಜನ ಮುಗಿಬಿದ್ದರು. ಅದರಲ್ಲಿ ಸೈನಿಕರು ಕಂದಕದಿಂದ ಮೇಲೇರಿ ಗುಂಡೇಟಿಗೆ ಉರುಳುವ ಪ್ರಸಿದ್ಧ ದೃಶ್ಯ ಮಾತ್ರ ನಟಿಸಿ ತೆಗೆದದ್ದು. ಲೂಯಿಸ್ ಮೈಲ್‌ಸ್ಟೋನ್ ಅವರ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ (1930) ರಜೆಯ ಮೇಲೆ ಊರಿಗೆ ಬಂದ ಜರ್ಮನ್ ಯೋಧ ಅಲ್ಲಿ ಪರಕೀಯನಾಗುವುದನ್ನು ತೋರಿಸಿತು. ಬರ್ಲಿನ್ನಿನಲ್ಲಿ ನಾಜಿಗಳು ಚಿತ್ರಮಂದಿರಕ್ಕೇ ನುಗ್ಗಿ ಗಲಭೆ ಎಬ್ಬಿಸಿದರು, ಚಿತ್ರ ನಿಷೇಧಕ್ಕೊಳಗಾಯಿತು.

ಯುದ್ಧ ಮುಗಿದ ಮೇಲಿನ ಮನೆಯನ್ನೇ ಕಥೆಯಾಗಿಸಿದ್ದು ವಿಲಿಯಂ ವೈಲರ್ ಅವರ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ (1946). ಸೇನಾ ತರಬೇತಿಯ ವೇಳೆ ಸ್ಫೋಟದಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಹೆರಾಲ್ಡ್ ರಸೆಲ್ ವೃತ್ತಿನಟರಲ್ಲದಿದ್ದರೂ ಆ ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಪಡೆದರು.

ಈ ಪರಂಪರೆಯ ಅತಿ ಸೂಕ್ಷ್ಮ ಕೃತಿಗಳು ಬಂದದ್ದು ಸ್ಟಾಲಿನ್ ತೀರಿಕೊಂಡ ನಂತರದ ಸೋವಿಯತ್ ಒಕ್ಕೂಟದಿಂದ. ಅಲ್ಲಿಯವರೆಗೆ ‘ದಿ ಫಾಲ್ ಆಫ್ ಬರ್ಲಿನ್’ನಂಥ ಚಿತ್ರಗಳಲ್ಲಿ ಯುದ್ಧ ಗೆಲ್ಲುತ್ತಿದ್ದವನು ನಾಯಕನೊಬ್ಬನೇ. ಮಿಖಾಯಿಲ್ ಕಲಾತೊಜೊವ್ ಅವರ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ (1957) ಕಾದು ಕುಳಿತವಳನ್ನು ಮುಂದೆ ತಂದಿತು. ನಾಯಕಿ ವೆರೊನಿಕಾ ಪ್ರಿಯಕರನಿಗಾಗಿ ಕಾಯುತ್ತಲೇ ಅವನ ಸೋದರಬಂಧುವನ್ನು ಮದುವೆಯಾಗುತ್ತಾಳೆ. ಚಿತ್ರ ಅವಳಿಗೆ ಶಿಕ್ಷೆ ಕೊಡುವುದಿಲ್ಲ. 1958ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಸಂದಿತು.

ಸ್ವತಃ ಯುದ್ಧದಲ್ಲಿ ಗಾಯಗೊಂಡಿದ್ದ ಗ್ರಿಗೊರಿ ಚುಖ್ರಾಯ್ ಅವರ ‘ಬ್ಯಾಲಡ್ ಆಫ್ ಎ ಸೋಲ್ಜರ್’ (1959) ಇನ್ನೂ ಸರಳ. ಎರಡು ಟ್ಯಾಂಕ್ ಉರುಳಿಸಿದ ಹುಡುಗ ಪದಕದ ಬದಲು ತಾಯಿಯ ಮನೆಯ ಮಾಡು ರಿಪೇರಿ ಮಾಡಲು ರಜೆ ಕೇಳುತ್ತಾನೆ. ದಾರಿಯಲ್ಲಿ, ಒಬ್ಬ ಸೈನಿಕ ಹೆಂಡತಿಗೆಂದು ಕೊಟ್ಟ ಸೋಪನ್ನು ತಲುಪಿಸಲು ಹೋದರೆ, ಅವಳ ಮನೆಯಲ್ಲಿ ಬೇರೊಬ್ಬನಿದ್ದಾನೆ. ಹುಡುಗ ಸೋಪನ್ನು ಮರಳಿ ಪಡೆದು ಆ ಸೈನಿಕನ ತಂದೆಗೆ ಒಪ್ಪಿಸುತ್ತಾನೆ. ತಾಯಿಯ ಜೊತೆ ಅವನಿಗೆ ಸಿಗುವುದು ಕೆಲವೇ ನಿಮಿಷ. ಅವನು ತಿರುಗಿ ಬರಲಿಲ್ಲವೆಂಬುದನ್ನು ಚಿತ್ರ ಮೊದಲೇ ಹೇಳಿಬಿಟ್ಟಿರುತ್ತದೆ.

ಭಾರತದಲ್ಲಿ 1962ರ ಯುದ್ಧವನ್ನು ಕುರಿತ ‘ಹಕೀಕತ್’ (1964), ಲೊಂಗೆವಾಲಾ ಕಾಳಗದ ‘ಬಾರ್ಡರ್’ (1997) ಹೆಸರಾದವು. ಇಂಥ ಚಿತ್ರಗಳಲ್ಲಿ ಕುಟುಂಬ ಹೆಚ್ಚಾಗಿ ಬೀಳ್ಕೊಡುಗೆಗೂ ಪತ್ರಗಳಿಗೂ ಸೀಮಿತ. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ಕನ್ನಡ ಚಿತ್ರ ‘ಮುತ್ತಿನ ಹಾರ’ (1990) ಬೇರೆ ದಾರಿ ಹಿಡಿಯಿತು: ವಿಷ್ಣುವರ್ಧನ್ ಅಭಿನಯಿಸಿದ ಕೊಡಗಿನ ಯೋಧನ ಶೌರ್ಯಕ್ಕಿಂತ, ಸುಹಾಸಿನಿ ನಟಿಸಿದ ದಾದಿಯೊಂದಿಗಿನ ಅವನ ದಾಂಪತ್ಯವೇ ಕಥೆಯನ್ನು ಹೊತ್ತಿದೆ.

ಸ್ಪೀಲ್‌ಬರ್ಗ್ ಅವರ ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಓಮಾಹಾ ಕಡಲತೀರದ ಭೀಕರತೆಗೆ ಹೆಸರಾಯಿತು. ಮಕ್ಕಳ ಸಾವಿನ ಸುದ್ದಿ ತರುವ ಕಾರನ್ನು ಕಂಡು ತಾಯಿ ಜಗಲಿಯ ಮೇಲೆ ಕುಸಿಯುವ ಸಣ್ಣ ದೃಶ್ಯದ ಬಗ್ಗೆ ಮಾತು ಕಡಿಮೆ. ಆ ಕೆಲಸವನ್ನೇ ವಸ್ತುವಾಗಿಸಿಕೊಂಡದ್ದು ಇರಾಕ್ ಯುದ್ಧಕಾಲದ ‘ದಿ ಮೆಸೆಂಜರ್’ (2009): ಇಬ್ಬರು ಸೇನಾಧಿಕಾರಿಗಳು ಮನೆಮನೆಗೆ ಹೋಗಿ ಸಾವನ್ನು ತಿಳಿಸುತ್ತಾರೆ, ಬಂಧುಗಳನ್ನು ಮುಟ್ಟಿ ಸಂತೈಸಬಾರದೆಂಬುದು ಹಿರಿಯ ಅಧಿಕಾರಿ ಕಿರಿಯನಿಗೆ ಹೇಳಿಕೊಡುವ ನಿಯಮ.