ಏಳು ನೆಲೆಯ ಉಪ್ಪರಿಗೆಯಿಂದ ಗಗನಸೌಧದವರೆಗೆ

ಏಳು ನೆಲೆಯ ಉಪ್ಪರಿಗೆಯ ಮಾತನ್ನು ಅಜ್ಜಿಯ ಕಥೆಯಲ್ಲಿ ಕೇಳದ ಕನ್ನಡಿಗನಿರಲಾರನು. ಆದರೆ ಕವಿತಾಳದ ಸೀಮೆಯಲ್ಲಿ ಬೆಳೆದ ನಾವು ಕಣ್ಣಾರೆ ಕಂಡ ಮನೆಗಳೆಂದರೆ ದಪ್ಪ ಗೋಡೆಗಳ ಮೇಲೆ ತೊಲೆ ಜಂತಿಗಳನ್ನಿಟ್ಟು ಮಣ್ಣು ಹೊದಿಸಿದ ಮಾಳಿಗೆಯವು. ಮನೆಯವರಿಗೆ ಒಳಗಣ ಅಂಕಣ, ದಾರಿಗನಿಗೆ ಹೊರಗಣ ಕಟ್ಟೆ. ಸಂಸಾರವೂ ಅತಿಥಿಯೂ ಒಂದೇ ತಳಪಾಯವನ್ನು ಆಶ್ರಯಿಸಿರುವ ಏರ್ಪಾಡು ಅಷ್ಟರಲ್ಲಿಯೇ ಮುಗಿಯುತ್ತಿತ್ತು. ಇಂದು ಅದೇ ಏರ್ಪಾಡನ್ನು ಮುಗಿಲಿಗೇರಿಸಿ, ಕೆಳಗೆ ಹೋಟೆಲು, ಮೇಲೆ ವಾಸದ ಮನೆಗಳು ಎಂದು ಕಟ್ಟುತ್ತಿರುವರು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ವಿಚಾರಿಸುವದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಬಹು ನೆಲೆಗಳ ಕಲ್ಪನೆ ನಮಗೆ ಹೊಸದಲ್ಲ. ಮಾನಸಾರವೆಂಬ ವಾಸ್ತುಗ್ರಂಥವು ಒಂದರಿಂದ ಹನ್ನೆರಡು ನೆಲೆಗಳವರೆಗಿನ ಪ್ರಾಸಾದಗಳನ್ನು ವಿವರಿಸುವದು. ನೆಲೆಗೆ ಶಾಸ್ತ್ರಕಾರರಿಟ್ಟ ಹೆಸರು ‘ಭೂಮಿ’. ಮೇಲಿನ ಪ್ರತಿಯೊಂದು ನೆಲೆಯೂ ಇನ್ನೊಂದು ಭೂಮಿಯೆಂದು ಅವರು ಎಣಿಸಿದ್ದು ಎಷ್ಟು ಸಮಂಜಸವಾಗಿದೆ! ಇನ್ನು ಕಣ್ಣಿಗೆ ಕಾಣುವ ಉದಾಹರಣೆ ಬೇಕೆನ್ನುವವರು ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಹೋಗಬೇಕು. ನಮ್ಮ ರಾಯಚೂರನ್ನೂ ಆಳಿದ ಆದಿಲಶಾಹಿಗಳು ಅಲ್ಲಿ 1583ರ ಸುಮಾರಿನಲ್ಲಿ ‘ಸಾತ್ ಮಂಜಿಲ್’ ಎಂಬ ಏಳು ನೆಲೆಯ ಅರಮನೆಯನ್ನು ಕಟ್ಟಿಸಿದರು. ಕಾಲವು ಮೇಲಿನ ನೆಲೆಗಳನ್ನು ಕೆಡವಿದೆ. ಉಳಿದ ನೆಲೆಗಳಲ್ಲಿಯೂ ಸುತ್ತಮುತ್ತಲೂ ನೀರಿನ ಕೊಳವೆ ತೊಟ್ಟಿಗಳ ಕುರುಹುಗಳಿವೆ. ಎತ್ತರದಲ್ಲಿ ವಾಸಿಸಲು ಗೋಡೆ ಸಾಲದು, ನೀರೂ ಏರಬೇಕೆಂಬುದು ಆ ಶಿಲ್ಪಿಗಳಿಗೆ ತಿಳಿದಿತ್ತು.

ಹಾಗಾದರೆ ಏಳು ಎಪ್ಪತ್ತಾಗದೆ ನಿಂತದ್ದೇಕೆ? ಕುಶಲತೆಯ ಕೊರತೆಯಿಂದೆಂದು ನಾನು ಒಪ್ಪಲಾರೆ. ರಾಯಚೂರು ಕೋಟೆಯಲ್ಲಿ 1294ರ ಶಾಸನವುಳ್ಳ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಗೋಡೆಯಲ್ಲಿ ಕೂತಿದೆ. ಕೋಣಗಳ ಸಾಲು ಕಟ್ಟಿ ಅದನ್ನು ಎಳೆತಂದ ಚಿತ್ರವನ್ನೂ ಅಲ್ಲಿಯೇ ಕೆತ್ತಿರುವರು. ಇಂಥವರ ನಾಡಿನಲ್ಲಿ ಕೈಯ ಬಲಕ್ಕೆ ಕೊರತೆಯೆಲ್ಲಿ? ಅಡ್ಡಿಯಾದದ್ದು ಭಾರವು. ಗೋಡೆಯೇ ಭಾರವನ್ನು ಹೊರುವ ಕಟ್ಟಡದಲ್ಲಿ ಮೇಲೆ ಒಂದು ನೆಲೆ ಹೆಚ್ಚಿದರೆ ಕೆಳಗೆ ಗೋಡೆ ದಪ್ಪವಾಗಲೇಬೇಕು. 1656ರಲ್ಲಿ ಮುಗಿದ ಗೋಲಗುಮ್ಮಟದ ಗೋಡೆಗಳ ದಪ್ಪ ಸುಮಾರು 10 ಅಡಿ. ಅಮೇರಿಕೆಯ ಶಿಕಾಗೋ ನಗರದಲ್ಲಿ 1891ರಲ್ಲಿ ಇಟ್ಟಿಗೆಯಿಂದ ಕಟ್ಟಿದ ಮೊನಾಡ್ನಾಕ್ ಎಂಬ 16 ನೆಲೆಯ ಕಟ್ಟಡಕ್ಕೂ ಬುಡದಲ್ಲಿ 6 ಅಡಿಯ ಗೋಡೆ ಬೇಕಾಯಿತು. ಇನ್ನೂ ಏರಿಸಿದ್ದರೆ ಕೆಳಗಣ ಕೋಣೆಗಳನ್ನೆಲ್ಲ ಗೋಡೆಯೇ ನುಂಗುತ್ತಿತ್ತು!

ಅದೇ ಊರಿನಲ್ಲಿ 1885ರಷ್ಟರಲ್ಲಿಯೇ ಲೋಹದ ಹಂದರದಿಂದ 10 ನೆಲೆಯ ಕಟ್ಟಡವೊಂದು ಎದ್ದಿತ್ತು. ಹಂದರವು ಭಾರವನ್ನು ಹೊತ್ತಮೇಲೆ ಗೋಡೆಯು ಕೇವಲ ಮರೆಯಾಯಿತು. 1857ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಓಟಿಸನು ಜನರನ್ನು ಏರಿಸುವ ಲಿಫ್ಟನ್ನು ಇಟ್ಟಿದ್ದನು. ಅದಕ್ಕೆ ಮುಂಚೆ ಪಾಶ್ಚಾತ್ಯ ನಗರಗಳಲ್ಲಿ ಮೆಟ್ಟಿಲು ಹತ್ತುವ ಕಷ್ಟದಿಂದ ಮೇಲಿನ ಕೋಣೆಗಳು ಬಡವರ ಪಾಲಾಗಿದ್ದುವು. ಲಿಫ್ಟು ಬಂದಮೇಲೆ ಅವೇ ಸಿರಿವಂತರ ಪಾಲಾದುವು.

ಮುಂದಿನ ಹೆಜ್ಜೆಯನ್ನಿಟ್ಟವನು ನಮ್ಮ ಪೂರ್ವದೇಶದವನೇ. 1929ರಲ್ಲಿ ಬಂಗಾಲದಲ್ಲಿ ಹುಟ್ಟಿದ ಫಜಲುರ್ ರಹಮಾನ್ ಖಾನನು ಶಿಕಾಗೋದಲ್ಲಿ ಎಂಜಿನಿಯರನಾಗಿದ್ದು, ಕಟ್ಟಡದ ಹೊರಮೈಯನ್ನೇ ಬಿದಿರಿನ ಕೊಳವೆಯಂತೆ ಬಿಗಿಮಾಡಿದರೆ ಗಾಳಿಯ ಹೊಡೆತವನ್ನು ಅದು ತಡೆಯಬಲ್ಲದೆಂದು ತೋರಿಸಿದನು. ಈ ಉಪಾಯದಿಂದ 1969ರಲ್ಲಿ 100 ನೆಲೆಯ ಜಾನ್ ಹ್ಯಾಂಕಾಕ್ ಸೌಧವು ಸಿದ್ಧವಾಯಿತು. ಅದು ಮೇಲೆ ಹೋದಂತೆ ಕಿರಿದಾಗುವದು. ಕಚೇರಿಗಳಿಗೆ ವಿಶಾಲವಾದ ಹಾಸು ಬೇಕು, ಆದಕಾರಣ ಅವು ಕೆಳಗೆ. ವಾಸದ ಮನೆಯ ಪ್ರತಿ ಕೋಣೆಗೂ ಕಿಟಕಿಯು ಸಮೀಪದಲ್ಲಿರಬೇಕು, ಆದಕಾರಣ ಮನೆಗಳು ಕಿರಿದಾದ ಮೇಲ್ಭಾಗದಲ್ಲಿ. ರೂಪವೂ ಉಪಯೋಗವೂ ಹೀಗೆ ಒಂದನ್ನೊಂದು ಹಿಡಿದು ನಿಂತದ್ದನ್ನು ನಾನು ಬಹುವಾಗಿ ಮೆಚ್ಚುವೆನು.

ಹೋಟೆಲು, ಮನೆ, ಕಚೇರಿ ಮೂರನ್ನೂ ಒಂದರ ಮೇಲೊಂದು ಪೇರಿಸಿದ ಸೌಧವು ದುಬೈಯ ಬುರ್ಜ್ ಖಲೀಫಾ. 828 ಮೀಟರ್ ಎತ್ತರದ ಇದು 2010ರ ಜನವರಿ 4ರಂದು ತೆರೆಯಿತು. ನಡುವೆ ಕಾಂಕ್ರೀಟಿನ ಆರು ಮೂಲೆಯ ಕಂಬ, ಅದಕ್ಕೆ ಮೂರು ದಿಕ್ಕಿನಿಂದ ಆತುಕೊಂಡ ಮೂರು ರೆಕ್ಕೆಗಳು. ಯಾವ ರೆಕ್ಕೆಯನ್ನೂ ಉಳಿದೆರಡು ಬಾಗಗೊಡುವದಿಲ್ಲ. ಮೇಲೇರಿದಂತೆ ರೆಕ್ಕೆಗಳು ಸರದಿಯಂತೆ ಹಿಂಜರಿಯುವದರಿಂದ ಗಾಳಿಯ ಸುಳಿಗಳು ಒಂದೇ ತಾಳಕ್ಕೆ ಕೂಡಿಬರಲಾರವು. ಕೆಳಗೆ ಹೋಟೆಲು, ಅದರ ಮೇಲೆ ಮನೆಗಳು, ತುದಿಯತ್ತ ಸಣ್ಣ ಕಚೇರಿಗಳು.

ಆದರೆ ಮೂರು ಬಗೆಯವರಿಗೂ ಬಾಗಿಲುಗಳು ಬೇರೆ ಬೇರೆ. ನಮ್ಮ ಕಟ್ಟೆಯ ಮೇಲೆ ಕುಳಿತ ದಾರಿಗನಿಗೆ ಮನೆಯ ಯಜಮಾನನು ‘ಯಾವೂರು?’ ಎನ್ನದೆ ಒಳಹೊಗುತ್ತಿರಲಿಲ್ಲ. ಅಲ್ಲಿ ಕೆಳಗೆ ಮಲಗಿದ ಅತಿಥಿಯು ಮೇಲಿನ ಗೃಹಸ್ಥನ ಮುಖವನ್ನೇ ಕಾಣದೆ ಹೋಗಬಹುದು. ನನ್ನ ಮನಸ್ಸನ್ನು ಕುಟುಕುವದು ಇದೊಂದೇ.

ಇನ್ನೊಂದು ಸಂಗತಿ. ಎತ್ತರದಲ್ಲಿರುವವರಿಗೆ ಸೂರ್ಯಾಸ್ತವು ತುಸು ತಡವಾಗಿ ಕಾಣುವದರಿಂದ, 2011ರ ರಂಜಾನಿನಲ್ಲಿ ದುಬೈಯ ಮುಫ್ತಿಗಳು, 80ನೆಯ ನೆಲೆಯ ಮೇಲಿನವರು 2 ನಿಮಿಷವೂ 150ರ ಮೇಲಿನವರು 3 ನಿಮಿಷವೂ ತಡೆದು ಉಪವಾಸ ಬಿಡಬೇಕೆಂದು ತಿಳಿಸಿದರು. ಶಾಸ್ತ್ರಕಾರರ ‘ಭೂಮಿ’ಯು ಆಗ ನೆನಪಿಗೆ ಬಂದಿತು. ನೆಲೆಗೊಂದು ಸಂಧ್ಯಾಕಾಲವನ್ನು ಗುಣಿಸುವ ಪಂಚಾಂಗವು ನಮ್ಮಲ್ಲಿ ಇನ್ನೂ ಅಚ್ಚಾಗಿಲ್ಲ.