ಬಾವಡಿಗೆ ಇಟ್ಟ ಹೆಸರು

ತಿಕೋಟಾದಿಂದ ಸೊಸೆಯಾಗಿ ನಾನು ಬಂದಾಗ ಈ ಊರು ಬಿಜಾಪುರವಾಗಿತ್ತು. ವಿಜಯಪುರವೆಂಬ ಹಳೆಯ ಹೆಸರು ಸರಕಾರಿ ಕಾಗದಕ್ಕೆ ಮರಳಿದ್ದು 2014ರಲ್ಲಿ. ಬಂದ ಹೊಸದರಲ್ಲಿ ಗೋಳಗುಮ್ಮಟ ನೋಡುವ ಆಸೆ ಹೇಳಿದೆ. ಅತ್ತೆ ನಕ್ಕು, “ಮೊದಲ ನೀರ ಹಿಡಿಯವಾ. ಗುಮ್ಮಟ ಎಲ್ಲಿಗೂ ಓಡಿ ಹೋಗಂಗಿಲ್ಲ” ಎಂದರು. ಈ ಊರಿನ ಚರಿತ್ರೆಯ ಮೊದಲ ಪಾಠ ನನಗೆ ಆದದ್ದು ನಳದ ಮುಂದೆ, ಕೊಡಗಳ ಸಾಲಿನಲ್ಲಿ.

ಆಮೇಲೆ ಗುಮ್ಮಟವನ್ನೂ ನೋಡಿದೆ. ಅದು 1656ರಲ್ಲಿ ಮುಗಿದ ಮುಹಮ್ಮದ್ ಆದಿಲ್‌ಶಾಹನ ಗೋರಿ. ಪಿಸುಮಾತನ್ನೂ ಆಚೆಯ ಗೋಡೆಗೆ ಮುಟ್ಟಿಸುತ್ತದೆ. ಬಂದ ನೆಂಟರಿಗೆಲ್ಲ ನಾವು ತೋರಿಸುವುದು ಅದನ್ನೇ. ಆದರೆ ಊರಿನ ಸ್ವಭಾವ ತಿಳಿಯಬೇಕಾದರೆ ನೀರಿನ ಜಾಗಗಳಿಗೆ ಹೋಗಬೇಕು.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಈ ಊರು ಬೆಳೆಯಿತು, ನೀರು ಸಾಲದಾಯಿತು. 1579ರಲ್ಲಿ ಅಲಿ ಆದಿಲ್‌ಶಾಹ ತನ್ನ ಹೆಂಡತಿಯ ಹೆಸರಿನಲ್ಲಿ ಚಾಂದ ಬಾವಡಿ ಕಟ್ಟಿಸಿದ. ಮರುವರ್ಷ ಅವನು ಸತ್ತಾಗ, ಪಟ್ಟಕ್ಕೆ ಬಂದ ಹುಡುಗ ಇಬ್ರಾಹಿಮನ ಪರವಾಗಿ ಕೆಲಕಾಲ ರಾಜ್ಯ ನೋಡಿಕೊಂಡವಳು ಆ ಚಾಂದಬೀಬಿಯೇ. ಮುಂದೆ ಅಹಮದನಗರದ ಕೋಟೆಯನ್ನು ಮೊಗಲರಿಂದ ಕಾದವಳೂ ಅವಳೇ. ಇಬ್ರಾಹಿಮನ ಕಾಲದಲ್ಲಿ, 1620ರಲ್ಲಿ, ಅವನ ರಾಣಿಯ ಹೆಸರಿನ ತಾಜ್ ಬಾವಡಿ ಆಯಿತು. ಅದರ ಎರಡು ಬದಿಗೂ ದಾರಿಹೋಕರು ಇಳಿದುಕೊಳ್ಳುವ ಕೋಣೆಗಳು. 1651ರಲ್ಲಿ ಬೇಗಂ ತಲಾಬ. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಊರಿಗೆ ನೀರು ಹರಿದು ಬರುತ್ತಿತ್ತು. ತವರಿನಿಂದ ನಾನು ಬಂದದ್ದೂ ತೊರವಿಯ ದಾರಿಯಲ್ಲೇ.

ಗಂಡಸರ ಹೆಸರು ಗೋರಿಗಳಿಗೆ ನಿಂತಿತು, ಹೆಂಗಸರ ಹೆಸರು ನೀರಿಗೆ. ಆ ನೀರನ್ನು ನಾವೇ ಕೆಡಿಸಿದೆವು. ಮನೆಮನೆಗೆ ನಳ ಬಂದಮೇಲೆ ಬಾವಡಿ ಯಾರಿಗೆ ಬೇಕು? ದೇವರ ಮೇಲಿನ ಬಾಡಿದ ಹೂವನ್ನು ಚೀಲದ ಸಮೇತ ತಾಜ್ ಬಾವಡಿಗೆ ಒಗೆದು ಬಂದವರಲ್ಲಿ ನಾನೂ ಒಬ್ಬಳು. ಪುಣ್ಯವೆಂದೇ ತಿಳಿದಿದ್ದೆ. ಒಂದು ಬೇಸಿಗೆಯಲ್ಲಿ ಹತ್ತು ದಿನ ನಳ ಒಣಗಿದಾಗ, ಖಾಲಿ ಕೊಡ ಹಿಡಿದು ಓಣಿ ಓಣಿ ತಿರುಗುತ್ತ ಆ ಚೀಲ ನೆನಪಾಯಿತು. ಹೊಟ್ಟೆಯಲ್ಲಿ ಕಿವುಚಿದಂತಾಯಿತು.

ಈಚಿನ ವರ್ಷಗಳಲ್ಲಿ ಬಾವಡಿಗಳ ಹೂಳು ತೆಗೆದಿದ್ದಾರೆ. ಏತ ನೀರಾವರಿಯಿಂದ ಕೃಷ್ಣೆಯ ನೀರು ತಿಕೋಟಾ, ಬಬಲೇಶ್ವರದ ಕಡೆಯ ಕೆರೆಗಳಿಗೂ ಬಂದಿದೆ. ಬಬಲೇಶ್ವರಕ್ಕೆ ಕೊಟ್ಟ ನನ್ನಕ್ಕ ದ್ರಾಕ್ಷಿ ತಂದಾಗಲೆಲ್ಲ, “ನೀರ ಬಂತಂತ ಮೈಮರೀಬ್ಯಾಡ್ರಿ” ಅನ್ನುತ್ತಾಳೆ.

ಹೋದ ವರ್ಷ ನನ್ನ ಸೊಸೆಯೂ ಗುಮ್ಮಟ ನೋಡಬೇಕೆಂದಳು. ಮೊದಲು ತಾಜ್ ಬಾವಡಿಗೆ ಕರೆದೊಯ್ದೆ. ಮೆಟ್ಟಿಲ ಮೇಲೆ ನಿಂತು, “ಅತ್ತಿ, ಈ ನೀರ ಕುಡೀತಿದ್ರೇನ್ರೀ?” ಎಂದು ಕೇಳಿದಳು.

“ಊರಿಗೆ ಊರೇ ಕುಡೀತಿತ್ತವಾ” ಎಂದೆ. ಚೀಲದ ಕಥೆಯನ್ನೂ ಮುಚ್ಚಿಡದೆ ಹೇಳಿದೆ.