ಗೆಣಸಿನ ಸೇವನೆ ಮತ್ತು ಆರೋಗ್ಯ: ಸಾಲಗಾಮೆ ಹೋಬಳಿಯ ಸಾರ್ವಜನಿಕರಿಗೆ ಮಾಹಿತಿ

ಹಾಸನ ತಾಲ್ಲೂಕಿನ ಸಾಲಗಾಮೆ ಹೋಬಳಿಯೂ ಸೇರಿದಂತೆ ಈ ಭಾಗದಲ್ಲಿ ಸಂಕ್ರಾಂತಿಯಂದು ಅವರೆಕಾಯಿ, ಕಡಲೆಕಾಯಿಗಳೊಡನೆ ಗೆಣಸನ್ನು ಬೇಯಿಸುವುದು ವಾಡಿಕೆ. ಹಬ್ಬದ ಬಳಿಕ ಅಡುಗೆಮನೆಯಲ್ಲಿ ಉಳಿಯುವುದು ಆಲೂಗೆಡ್ಡೆಯೇ. ಜಿಲ್ಲೆಯು ಅದಕ್ಕೆ ಹೆಸರಾಗಿರುವುದರಿಂದ ಇದು ಸಹಜವೂ ಹೌದು. ಆದರೆ ಇವೆರಡೂ ಒಂದೇ ಜಾತಿಯ ಗೆಡ್ಡೆಗಳಲ್ಲ. ಆಲೂಗೆಡ್ಡೆಯು ಬದನೆ, ಟೊಮ್ಯಾಟೊ ಕುಟುಂಬಕ್ಕೆ ಸೇರಿದ ಗಿಡದ ಕಾಂಡಭಾಗ. ಗೆಣಸು ನೆಲದ ಮೇಲೆ ಹರಡುವ ಬಳ್ಳಿಯ ಬೇರು.

100 ಗ್ರಾಂ ಹಸಿ ಗೆಣಸಿನಲ್ಲಿ ಸುಮಾರು 20ರಿಂದ 24 ಗ್ರಾಂ ಶರ್ಕರಪಿಷ್ಟ, 3ರಿಂದ 4 ಗ್ರಾಂ ನಾರಿನಂಶವಿದ್ದು, ಪೊಟ್ಯಾಷಿಯಂ ಸಹ ದೊರೆಯುತ್ತದೆ. ನಾರಿನಂಶವು ಮಲಬದ್ಧತೆ ನಿವಾರಣೆಗೆ ಸಹಕಾರಿ. ಪ್ರೋಟೀನ್ ಮಾತ್ರ ಒಂದೂವರೆ ಗ್ರಾಂನಷ್ಟೇ ಇರುವುದರಿಂದ ಕಾಳು, ಹಾಲು ಅಥವಾ ಮೊಟ್ಟೆ ಜೊತೆಗಿರತಕ್ಕದ್ದು.

ಸಾರ್ವಜನಿಕರು ಮುಖ್ಯವಾಗಿ ಗಮನಿಸಬೇಕಾದುದು ತಿರುಳಿನ ಬಣ್ಣವನ್ನು, ಸಿಪ್ಪೆಯ ಬಣ್ಣವನ್ನಲ್ಲ. ಕೆಂಪು ಸಿಪ್ಪೆಯ ಗೆಣಸನ್ನು ಕೊಯ್ದರೆ ಒಳಗೆ ಬಿಳಿಯಾಗಿರುವುದೇ ಹೆಚ್ಚು. ಕಣ್ಣಿನ ದೃಷ್ಟಿಗೆ ಅಗತ್ಯವಾದ ವಿಟಮಿನ್ 'ಎ'ಯನ್ನು ಶರೀರವು ತಯಾರಿಸಿಕೊಳ್ಳುವುದು ಬೀಟಾ ಕ್ಯಾರೋಟಿನ್‌ನಿಂದ. ಬಿಳಿ ತಿರುಳಿನಲ್ಲಿ ಅದು ಅತ್ಯಲ್ಪ, ಕಿತ್ತಳೆ ತಿರುಳಿನಲ್ಲಿ ಹೇರಳ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು 2017ರಲ್ಲಿ ಬಿಡುಗಡೆ ಮಾಡಿದ 'ಭೂ ಸೋನಾ' ತಳಿಯಲ್ಲಿ 100 ಗ್ರಾಂಗೆ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಇದೆ. ಆಫ್ರಿಕಾದಲ್ಲಿ ಮಕ್ಕಳ ವಿಟಮಿನ್ 'ಎ' ಕೊರತೆ ನೀಗಿಸಲು ಇಂತಹ ಗೆಣಸನ್ನು ಪ್ರಚುರಪಡಿಸಿದ ವಿಜ್ಞಾನಿಗಳಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ಬೀಟಾ ಕ್ಯಾರೋಟಿನ್ ಮೈಗೂಡಲು ಸ್ವಲ್ಪ ಜಿಡ್ಡು ಬೇಕು. ಗೆಣಸಿನ ಜೊತೆಗೆ ಕಡಲೆಕಾಯಿ ತಿನ್ನುವ ಹಬ್ಬದ ಪದ್ಧತಿ ಈ ದೃಷ್ಟಿಯಿಂದಲೂ ಯುಕ್ತವಾಗಿದೆ. ಆದರೆ ಗೆಣಸು ಕೊಡುತ್ತಿದ್ದೇವೆಂದು 9 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಉಚಿತವಾಗಿ ನೀಡಲಾಗುವ ವಿಟಮಿನ್ 'ಎ' ದ್ರಾವಣವನ್ನು ತಪ್ಪಿಸಬಾರದು. ಈ ಸೇವೆಗಾಗಿ ತಾಯಿ ಕಾರ್ಡ್‌ನೊಂದಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.

ಮಧುಮೇಹಿಗಳು ಗೆಣಸನ್ನು ಸಂಪೂರ್ಣ ವರ್ಜಿಸಬೇಕೆಂಬುದಾಗಲಿ, ಯಥೇಚ್ಛ ತಿನ್ನಬಹುದೆಂಬುದಾಗಲಿ ಸರಿಯಲ್ಲ. ಕೆಂಡದಲ್ಲಿ ಸುಟ್ಟ ಗೆಣಸು ಹೆಚ್ಚು ರುಚಿ, ಒಪ್ಪತಕ್ಕ ಮಾತೇ. ನಿಧಾನವಾದ ಶಾಖದಲ್ಲಿ ಪಿಷ್ಟವು ಸಕ್ಕರೆಯಾಗಿ ಮಾರ್ಪಡುವುದೇ ಅದಕ್ಕೆ ಕಾರಣ. ಜಮೈಕಾ ದೇಶದ ಹತ್ತು ತಳಿಗಳ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದ ಸಕ್ಕರೆಯನ್ನು ಏರಿಸುವ ಸೂಚ್ಯಂಕವು ನೀರಿನಲ್ಲಿ ಬೇಯಿಸಿದ ಗೆಣಸಿಗೆ 41ರಿಂದ 50 ಇದ್ದರೆ, ಸುಟ್ಟ ಗೆಣಸಿಗೆ 79ಕ್ಕೂ ಮಿಗಿಲಾಗಿತ್ತು. ಆದ್ದರಿಂದ ಬೇಯಿಸಿದ್ದನ್ನು, ಅನ್ನ ಅಥವಾ ಮುದ್ದೆಯ ಪ್ರಮಾಣವನ್ನು ಅಷ್ಟು ತಗ್ಗಿಸಿ, ಮಿತವಾಗಿ ಸೇವಿಸುವುದು. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರ ಸಲಹೆ ಪಡೆಯತಕ್ಕದ್ದು.

ಹುಳು ಕೊರೆದು ಕಹಿಯಾದ ಅಥವಾ ಬೂಸ್ಟು ಹಿಡಿದ ಗೆಣಸಿನಲ್ಲಿ ವಿಷಕಾರಿ ಅಂಶಗಳು ಉತ್ಪತ್ತಿಯಾಗುತ್ತವೆ. ಬೇಯಿಸಿದರೂ ಅವು ಪೂರ್ತಿ ನಾಶವಾಗುವುದಿಲ್ಲ. ಮನುಷ್ಯರು ತಿನ್ನಲಾಗದ್ದನ್ನು ಕೊಟ್ಟಿಗೆಗೆ ಹಾಕುವ ಅಭ್ಯಾಸ ಹಲವೆಡೆ ಇದೆ. ಬೂಸ್ಟು ಹಿಡಿದ ಗೆಣಸು ತಿಂದ ದನಗಳಿಗೆ ಶ್ವಾಸಕೋಶದ ತೀವ್ರ ತೊಂದರೆಯುಂಟಾಗಿ ಸಾವು ಸಂಭವಿಸಬಹುದು. ಅಂತಹ ಗೆಡ್ಡೆಗಳನ್ನು ಹಸುಗಳಿಗೆ ಸಿಗದಂತೆ ಆಳವಾಗಿ ಹೂಳುವುದು. ತಿಂದ ಹಸು ಏದುಸಿರು ಬಿಡುತ್ತಿದ್ದಲ್ಲಿ ವಿಳಂಬ ಮಾಡದೆ ಸಮೀಪದ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು.